ವಿಮಾನದ ಕಿಟ್ ಬರುವ ಮುಂಚೆ ವರ್ಕ್‌ಶಾಪ್ ಸಿದ್ಧ ಮಾಡಿಕೊಳ್ಳಿ

ಕಿಟ್, ಅಂದರೆ ಬಿಡಿ ಭಾಗಗಳ ಸೆಟ್ ತರಿಸಿ ಸ್ವಂತ ಕೈಯಲ್ಲಿ ವಿಮಾನ ಕಟ್ಟಬೇಕು ಅಂತ ಹೊರಟವರು ಮೊದಲು ಯಾವ ಕಿಟ್, ಯಾವ ಎಂಜಿನ್ ಅಂತ ಕೇಳುತ್ತಾರೆ. ವರ್ಕ್‌ಶಾಪ್ ವಿಷಯ ಕೊನೆಗೆ ಬರುತ್ತದೆ. ನನ್ನ ಪ್ರಕಾರ ಅದು ಉಲ್ಟಾ. ಎರಡು ಸೀಟಿನ ಅಲ್ಯೂಮಿನಿಯಂ ವಿಮಾನ ಮುಗಿಸಲು ಸಾಮಾನ್ಯವಾಗಿ ಸಾವಿರದೈನೂರು, ಎರಡು ಸಾವಿರ ಗಂಟೆ ಕೆಲಸ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ನೌಕರಿ, ಸಂಸಾರ ಇರುವವರಿಗೆ ಅಷ್ಟು ಹೊತ್ತು ಒಟ್ಟಿಗೆ ಸಿಗುವುದಿಲ್ಲ. ಸಂಜೆ ಅರ್ಧ ಗಂಟೆ, ರಜೆಯ ದಿನ ಮೂರು ಗಂಟೆ, ಹೀಗೆ ಚೂರು ಚೂರಾಗಿ ಸಿಗುತ್ತದೆ. ಆ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಟೂಲ್ ಹುಡುಕುವುದಕ್ಕೆ, ಟೇಬಲ್ ಮೇಲಿನ ಸಾಮಾನು ಸರಿಸುವುದಕ್ಕೆ ಹೋದರೆ ಆ ದಿನ ಏನೂ ಆಗುವುದಿಲ್ಲ. ಹೀಗೆ ನಾಲ್ಕು ದಿನ ಕಳೆದರೆ ಐದನೇ ದಿನ ಒಳಗೆ ಹೋಗುವುದಕ್ಕೇ ಮನಸ್ಸು ಬರುವುದಿಲ್ಲ. ಅರ್ಧಕ್ಕೆ ನಿಂತ ಎಷ್ಟೋ ವಿಮಾನಗಳು ಹೀಗೇ ನಿಂತಿವೆ.

ಹಾಗಾಗಿ ಕೆಳಗೆ ಹೇಳುವ ಪ್ರತಿಯೊಂದನ್ನೂ ನಾನು ಒಂದೇ ದೃಷ್ಟಿಯಿಂದ ನೋಡುತ್ತೇನೆ. ಒಳಗೆ ಕಾಲಿಟ್ಟು ಲೈಟ್ ಹಾಕಿದ ಐದು ನಿಮಿಷದಲ್ಲಿ ಕೆಲಸ ಶುರುವಾಗುತ್ತದೋ ಇಲ್ವೋ? ದುಡ್ಡು ಖರ್ಚು ಮಾಡುವುದಿದ್ದರೆ ಅದಕ್ಕೆ ಮಾಡಿ.

ಹೆಚ್ಚಿನ ಮಾತು ರಿವೆಟ್ ಹೊಡೆಯುವ ಅಲ್ಯೂಮಿನಿಯಂ ಕಿಟ್ ಬಗ್ಗೆ, ಯಾಕೆಂದರೆ ಹೊಸಬರು ಜಾಸ್ತಿ ಆರಿಸುವುದು ಅದನ್ನೇ. ರಿವೆಟ್ ಅಂದರೆ ತಗಡುಗಳ ತೂತಿನಲ್ಲಿ ತೂರಿಸಿ, ಹಿಂದಿನ ತುದಿಯನ್ನು ಚಪ್ಪಟೆ ಮಾಡಿ ಅವನ್ನು ಸೇರಿಸುವ ಲೋಹದ ಚಿಕ್ಕ ಮೊಳೆ. ಫೈಬರ್‌ಗ್ಲಾಸ್ ಮತ್ತು ಮರದ ಕಿಟ್‌ಗೆ ಏನು ಬೇರೆ ಬೇಕು ಅನ್ನುವುದನ್ನು ಮಧ್ಯದಲ್ಲಿ ಹೇಳಿದ್ದೇನೆ.

ಜಾಗ: ಮನೆಯ ಪಕ್ಕ ಇದ್ದಷ್ಟೂ ಒಳ್ಳೆಯದು

ವಿಮಾನ ಅಂದ ತಕ್ಷಣ ಹ್ಯಾಂಗರ್ ಬೇಕು ಅಂತ ಅನಿಸುತ್ತದೆ. ಬೇಡ. ಹ್ಯಾಂಗರ್ ಬೇಕಾಗುವುದು ಕೊನೆಯಲ್ಲಿ, ರೆಕ್ಕೆ ಜೋಡಿಸಿ ಎಂಜಿನ್ ಓಡಿಸಿ ನೋಡುವಾಗ ಮಾತ್ರ. ಅಲ್ಲಿಯವರೆಗೆ ನಡೆಯುವುದೆಲ್ಲ ಬಿಡಿ ಭಾಗಗಳ ಕೆಲಸ. ಬಾಲ, ರೆಕ್ಕೆ, ಒಡಲು ಒಂದಾದ ಮೇಲೊಂದು ಬರುತ್ತವೆ. ಅರ್ಧ ಗಂಟೆ ಗಾಡಿ ಓಡಿಸಿ ಹೋಗಬೇಕಾದ ದೊಡ್ಡ ಶೆಡ್‌ಗಿಂತ ಮನೆಗೆ ಅಂಟಿಕೊಂಡ ಚಿಕ್ಕ ಗ್ಯಾರೇಜ್ ಎಷ್ಟೋ ಮೇಲು. ಊಟ ಆದ ಮೇಲೆ ಚಪ್ಪಲಿ ಹಾಕಿಕೊಂಡು ಹೋಗಿ ಹತ್ತು ತೂತಿನ ಅಂಚು ಸವರಿ ಬರಬಹುದು. ಅಲ್ಲೇ ಇದ್ದೀರಿ ಅಂತ ಗೊತ್ತಿದ್ದರೆ ಮನೆಯವರೂ ಬಂದು ಕೈ ಹಾಕುತ್ತಾರೆ, ಮತ್ತು ರಿವೆಟ್ ಹೊಡೆಯುವಾಗ ಎರಡನೇ ಜೋಡಿ ಕೈ ಬೇಕೇ ಬೇಕು.

ಎಷ್ಟು ಜಾಗ? ಎರಡು ಕಾರು ನಿಲ್ಲುವಷ್ಟು, ಅಂದರೆ ಸುಮಾರು 20 ಅಡಿಗೆ 20 ಅಡಿ ಇದ್ದರೆ ಎರಡು ಸೀಟಿನ ವಿಮಾನವನ್ನು ಆರಾಮವಾಗಿ ಕಟ್ಟಬಹುದು. ಒಂದೇ ಕಾರಿನ ಜಾಗದಲ್ಲೂ ಆಗುತ್ತದೆ, ಆದರೆ ಮುಗಿದ ರೆಕ್ಕೆಗಳನ್ನು ಇನ್ನೊಂದು ಕಡೆ ಇಡಬೇಕು, ದೊಡ್ಡ ತುಂಡು ತಿರುಗಿಸುವಾಗಲೆಲ್ಲ ಯೋಚನೆ ಮಾಡಬೇಕು. ಲೆಕ್ಕಕ್ಕೆ ವ್ಯಾನ್ಸ್ ಕಂಪನಿಯ ಆರ್‌ವಿ-7 ತೆಗೆದುಕೊಳ್ಳಿ. ರೆಕ್ಕೆಯ ತುದಿಯಿಂದ ತುದಿಗೆ 25 ಅಡಿ, ಮೂಗಿನಿಂದ ಬಾಲಕ್ಕೆ 20 ಅಡಿ ಚಿಲ್ಲರೆ. ಆದರೆ ರೆಕ್ಕೆ ಎಡ, ಬಲ ಬೇರೆ ಬೇರೆ ಇರುವುದರಿಂದ ಒಮ್ಮೆಗೆ ಹನ್ನೆರಡು ಅಡಿಯೊಳಗಿನ ತುಂಡಿನ ಮೇಲೆ ಕೆಲಸ ಮಾಡುತ್ತೀರಿ.

ಕಿಟ್ ಆರಿಸಿದ ಮೇಲೆ ಒಂದು ಕೆಲಸ ಮಾಡಿ. ಡ್ರಾಯಿಂಗ್ ನೋಡಿ ಒಡಲು, ಒಂದು ರೆಕ್ಕೆ, ಟೇಬಲ್‌ಗಳು, ಇವುಗಳ ಆಕಾರವನ್ನು ಮಾಸ್ಕಿಂಗ್ ಟೇಪಿನಿಂದ ನೆಲದ ಮೇಲೆ ಗುರುತು ಮಾಡಿ. ಅದರ ಸುತ್ತ ನಡೆದು ನೋಡಿ. ಡ್ರಿಲ್ ಹಿಡಿದು ಬಗ್ಗಲು ಎರಡು ಮೂರು ಅಡಿ ಬೇಕು. ಆಮೇಲೆ ಬಾಗಿಲು ಅಳೆಯಿರಿ. ಒಡಲಿಗೆ ಚಕ್ರ ಕೂತ ಮೇಲೆ ಅದರ ಅಗಲ, ಎತ್ತರ ಎರಡೂ ಬದಲಾಗುತ್ತವೆ. ಅದು ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ, ತಿರುವು ಎಲ್ಲಿದೆ, ಮೆಟ್ಟಿಲು ಇದೆಯಾ, ಲಾರಿ ಎಲ್ಲಿ ನಿಲ್ಲುತ್ತದೆ, ಎಲ್ಲವನ್ನೂ ಇವತ್ತೇ ನೋಡಿಕೊಳ್ಳಿ. ನೆಲಮಾಳಿಗೆಯಲ್ಲಿ ಕಟ್ಟುವವರಂತೂ ಈ ಲೆಕ್ಕವನ್ನು ಎರಡು ಸಲ ಮಾಡಬೇಕು.

ನೆಲ, ಬೆಳಕು, ಕರೆಂಟು

ಸಾಮಾನು ಒಳಗೆ ಬಂದ ಮೇಲೆ ಇವನ್ನು ಸರಿ ಮಾಡುವುದು ಆಗದ ಮಾತು. ಖಾಲಿ ಇರುವಾಗಲೇ ಮುಗಿಸಿ.

ಕಾಂಕ್ರೀಟ್ ನೆಲಕ್ಕೆ ತಿಳಿ ಬಣ್ಣದ ಎಪಾಕ್ಸಿ ಪೇಂಟ್ ಹೊಡೆಯಿರಿ. ಧೂಳು ಏಳುವುದಿಲ್ಲ, ಬೆಳಕು ಕೆಳಗಿನಿಂದಲೂ ಬರುತ್ತದೆ, ಮತ್ತು ಬಿದ್ದ ರಿವೆಟ್ ಕಣ್ಣಿಗೆ ಕಾಣುತ್ತದೆ. ರಿವೆಟ್ ಬೀಳುತ್ತಲೇ ಇರುತ್ತವೆ. ನಿಂತು ಕೆಲಸ ಮಾಡುವ ಕಡೆ ದಪ್ಪ ರಬ್ಬರ್ ಮ್ಯಾಟ್ ಹಾಕಿ. ಮಂಡಿಗೂ ಒಳ್ಳೆಯದು, ಕೈಜಾರಿ ಬಿದ್ದ ಭಾಗವೂ ಉಳಿಯುತ್ತದೆ.

ಬೆಳಕಿಗೆ ಜಿಪುಣತನ ಬೇಡ. ಗೋಡೆ, ಸೂರು ಬಿಳಿ ಮಾಡಿ. ನಾಲ್ಕು ಅಡಿಯ ಎಲ್‌ಇಡಿ ಟ್ಯೂಬ್‌ಗಳನ್ನು ಒಂದೇ ಕಡೆ ಹಾಕದೆ ಹರಡಿ ಹಾಕಿ. ಬೆಳಕು ನಾಲ್ಕೂ ಕಡೆಯಿಂದ ಬಂದರೆ ಕೈಯ ನೆರಳು ಕೆಲಸದ ಮೇಲೆ ಬೀಳುವುದಿಲ್ಲ. ಅಲ್ಯೂಮಿನಿಯಂ ಮೇಲಿನ ಕೂದಲೆಳೆಯಷ್ಟು ಗೀರು, ರಿವೆಟ್ ತಲೆಯ ಅಡಿಯ ಸಣ್ಣ ಸಂದು, ಇವು ಓರೆಯಾಗಿ ಬಿದ್ದ ಬೆಳಕಿನಲ್ಲಿ ಮಾತ್ರ ಕಾಣುತ್ತವೆ. ಹಾಗಾಗಿ ಮೇಲಿನ ಲೈಟ್ ಜೊತೆಗೆ ಆಚೀಚೆ ತಿರುಗಿಸಬಹುದಾದ ಒಂದು ಟೇಬಲ್ ಲ್ಯಾಂಪ್ ಮತ್ತು ತಲೆಗೆ ಕಟ್ಟಿಕೊಳ್ಳುವ ಒಂದು ಲೈಟ್ ಇರಲಿ. ಒಡಲಿನ ಒಳಗೆ ತೂರಿಕೊಂಡು ಕೆಲಸ ಮಾಡುವ ತಿಂಗಳುಗಳಲ್ಲಿ ತಲೆಯ ಲೈಟ್ ಬಿಟ್ಟರೆ ಬೇರೆ ದಾರಿಯಿಲ್ಲ.

ಕರೆಂಟು ವಿಷಯದಲ್ಲಿ ಮೂರು ಮಾತು. ಗಾಳಿ ಒತ್ತಿ ತುಂಬುವ ಕಂಪ್ರೆಸರ್‌ಗೆ ಬೇರೆಯೇ ಸರ್ಕ್ಯೂಟ್ ಇರಲಿ. ಲೈಟ್‌ಗಳು ಅದರಲ್ಲಿ ಇರಬಾರದು, ಇಲ್ಲದಿದ್ದರೆ ಫ್ಯೂಸ್ ಹೋದಾಗ ತಿರುಗುತ್ತಿರುವ ಬ್ಯಾಂಡ್ ಸಾ ಮುಂದೆ ಕತ್ತಲೆಯಲ್ಲಿ ನಿಂತಿರುತ್ತೀರಿ. ಪ್ಲಗ್ ಪಾಯಿಂಟ್‌ಗಳನ್ನು ಟೇಬಲ್‌ಗಿಂತ ಸ್ವಲ್ಪ ಮೇಲೆ, ಗೋಡೆಯ ಉದ್ದಕ್ಕೂ ಹಾಕಿಸಿ. ಈ ವೈರಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಟೇಬಲ್: ಮೊದಲು ಕಟ್ಟಬೇಕಾದ ವಸ್ತು

ವಿಮಾನ ಕಟ್ಟುವ ಮುಂಚೆ ಟೇಬಲ್ ಕಟ್ಟಿ. ಇದು ಮರದ ಕೆಲಸ, ಸುಲಭ. ಒಂದು ಶನಿವಾರ, ಭಾನುವಾರದಲ್ಲಿ ಮುಗಿಯುತ್ತದೆ.

1953ರಲ್ಲಿ ಶುರುವಾದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್, ಅಂದರೆ ಎಲ್ಲರೂ ಇಎಎ ಅನ್ನುವ, ಸ್ವಂತ ವಿಮಾನ ಕಟ್ಟುವವರ ಅಮೆರಿಕದ ಸಂಸ್ಥೆಯ 1000ನೇ ಚಾಪ್ಟರ್‌ನವರು (ಚಾಪ್ಟರ್ ಅಂದರೆ ಸ್ಥಳೀಯ ಶಾಖೆ) ರೂಪಿಸಿದ ಒಂದು ಟೇಬಲ್ ಇದೆ. ಅಗಲ ಎರಡು ಅಡಿ, ಉದ್ದ ಐದು ಅಡಿ. ಸಾಧಾರಣ ಮರದ ಪಟ್ಟಿ, ಮೇಲೆ ಪ್ಲೈವುಡ್ ಅಥವಾ ಎಂಡಿಎಫ್ ಹಲಗೆ, ಕೆಳಗೊಂದು ಶೆಲ್ಫ್. ಜಗತ್ತಿನಾದ್ಯಂತ ಕಿಟ್ ಕಟ್ಟುವವರು ಇದನ್ನೇ ಮಾಡಿಕೊಂಡಿದ್ದಾರೆ. ಒಂದು ದೊಡ್ಡ ಟೇಬಲ್‌ಗಿಂತ ಇಂಥ ಎರಡು ಚಿಕ್ಕವು ಯಾಕೆ ಒಳ್ಳೆಯದು ಅಂದರೆ, ಉದ್ದಕ್ಕೆ ಜೋಡಿಸಿದರೆ ಹತ್ತು ಅಡಿಯ ಟೇಬಲ್, ಪಕ್ಕಪಕ್ಕ ಇಟ್ಟರೆ ನಾಲ್ಕಕ್ಕೆ ಐದು ಅಡಿಯ ಚೌಕ, ದೂರ ಇಟ್ಟರೆ ಮಧ್ಯದಲ್ಲಿ ನಿಂತು ಎರಡೂ ಕಡೆಯಿಂದ ರಿವೆಟ್ ಹೊಡೆಯಬಹುದು. ಎರಡು ಅಡಿ ಅಗಲ ಕಡಿಮೆ ಅಂತ ಮೊದಲು ಅನಿಸುತ್ತದೆ. ಆದರೆ ಕ್ಲ್ಯಾಂಪ್ ಹಾಕುವಾಗ ಎರಡೂ ಅಂಚು ಕೈಗೆ ಸಿಗಬೇಕಲ್ವಾ? ಅಗಲ ಜಾಸ್ತಿಯಾದಷ್ಟೂ ಮಧ್ಯದ ಜಾಗ ಸಾಮಾನು ರಾಶಿ ಹಾಕುವುದಕ್ಕೆ ಮಾತ್ರ ಬಳಕೆಯಾಗುತ್ತದೆ.

ಎತ್ತರ ನಿಮ್ಮ ಮೈಗೆ ತಕ್ಕಂತೆ ಇರಲಿ. ನೇರ ನಿಂತು ಮೊಣಕೈ ಮಡಚಿದಾಗ ಕೈಗಿಂತ ಸ್ವಲ್ಪ ಕೆಳಗೆ ಹಲಗೆ ಬರಬೇಕು. ಹೆಚ್ಚಿನವರಿಗೆ ಅದು 36 ಇಂಚಿನ ಆಸುಪಾಸು. ಬೆನ್ನು ಬಗ್ಗಿಸಿ ಮಾಡುವ ಕೆಲಸ ಗಂಟೆಗಟ್ಟಲೆ ನಡೆಯುವುದಿಲ್ಲ. ಎಲ್ಲ ಟೇಬಲ್‌ಗಳಿಗೂ ಒಂದೇ ಎತ್ತರ ಇಡಿ. ಲಾಕ್ ಆಗುವ ಚಕ್ರ ಹಾಕಿದರೆ ಇಡೀ ಗ್ಯಾರೇಜನ್ನು ಹತ್ತು ನಿಮಿಷದಲ್ಲಿ ಬೇರೆ ರೂಪಕ್ಕೆ ತರಬಹುದು. ನಿಖರವಾದ ಜೋಡಣೆ ಮಾಡುವಾಗ ಮಾತ್ರ ಚಕ್ರದ ಭಾರ ತೆಗೆದು, ಕಾಲಿನ ಕೆಳಗೆ ಚಕ್ಕೆ ಕೊಟ್ಟು ಮಟ್ಟ ಮಾಡಿಕೊಳ್ಳಿ.

ಸಮತಟ್ಟು ಎಷ್ಟಿರಬೇಕು? ಈಗಿನ ಕಿಟ್‌ಗಳಲ್ಲಿ ತೂತುಗಳು ಫ್ಯಾಕ್ಟರಿಯಲ್ಲೇ ಕಂಪ್ಯೂಟರ್ ಯಂತ್ರದಿಂದ ಹೊಡೆದು ಬರುತ್ತವೆ. ತೂತಿಗೆ ತೂತು ಕೂಡಿಸಿದರೆ ಆಕಾರ ಬಹುಮಟ್ಟಿಗೆ ತಾನಾಗೇ ನೇರ ನಿಲ್ಲುತ್ತದೆ. ಭಾಗಗಳನ್ನು ನೇರ ಹಿಡಿದಿಡುವ ಹಳೆಯ ಕಾಲದ ದೊಡ್ಡ ದೊಡ್ಡ ಚೌಕಟ್ಟುಗಳು, ಅಂದರೆ ಜಿಗ್‌ಗಳು, ಈಗ ಬೇಕಿಲ್ಲ. ಆದರೂ ವಿಮಾನವನ್ನು ತಿರುಗಿಸಲು, ಏರಿಳಿಸಲು ಬಾಲದಲ್ಲಿರುವ ರಡರ್, ಎಲಿವೇಟರ್ ತೆಳ್ಳಗಿನ ತಗಡಿನವು. ತಿರುಚಿದ ಟೇಬಲ್ ಮೇಲೆ ರಿವೆಟ್ ಹೊಡೆದರೆ ಆ ತಿರುಚು ಅದರಲ್ಲೇ ಉಳಿದುಬಿಡುತ್ತದೆ, ಆಮೇಲೆ ತೆಗೆಯಲಾಗುವುದಿಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಎರಡು ದಾರ ಎಳೆದು ನೋಡಿ. ದಾರಗಳು ಮಧ್ಯದಲ್ಲಿ ಒಂದನ್ನೊಂದು ಮುಟ್ಟಿಯೂ ಮುಟ್ಟದಂತೆ ಇದ್ದರೆ ಟೇಬಲ್ ಸರಿ ಇದೆ.

ಇನ್ನೊಂದು ಉಪಾಯ, ಕೆಲವರು ತಡವಾಗಿ ಕಂಡುಕೊಳ್ಳುವುದು. ತಗಡಿನ ತೂತಿನ ಸುತ್ತ ರಿವೆಟ್ ತಲೆ ಕೂರುವಂತೆ ಚಿಕ್ಕ ಗುಳಿ ಮಾಡಬೇಕಾಗುತ್ತದೆ, ಇದಕ್ಕೆ ಡಿಂಪಲ್ ಅನ್ನುತ್ತಾರೆ. ದೊಡ್ಡ ತಗಡಿಗೆ ಇದನ್ನು ಸಿ-ಫ್ರೇಮ್ ಅನ್ನುವ ಸಾಧನದಿಂದ ಮಾಡುತ್ತಾರೆ. ಆ ಫ್ರೇಮನ್ನು ಎರಡು ಟೇಬಲ್ ಮಧ್ಯದಲ್ಲಿ ಇಳಿಸಿ, ಅದರ ಕೆಳಗಿನ ಡೈ, ಅಂದರೆ ಗುಳಿ ಒತ್ತುವ ಅಚ್ಚು, ಟೇಬಲ್‌ನ ಮಟ್ಟಕ್ಕೇ ಬರುವಂತೆ ಕೂರಿಸಿ. ಮೇಲೆ ಹಳೆಯ ಕಾರ್ಪೆಟ್ ಹಾಸಿ. ತಗಡು ತನ್ನಷ್ಟಕ್ಕೆ ಮಟ್ಟವಾಗಿ ಮಲಗಿರುತ್ತದೆ, ನೀವು ಸರಿಸುತ್ತಾ ಹೋದರೆ ಸಾಕು. ಇಲ್ಲದಿದ್ದರೆ ಒಂದು ಕೈಯಲ್ಲಿ ತಗಡು ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಸುತ್ತಿಗೆ ಹೊಡೆಯಬೇಕು, ತಗಡು ಜಾರಿದರೆ ಡೈ ತೂತಿನ ಪಕ್ಕದಲ್ಲೇ ಹೊಸ ತೂತು ಮಾಡುತ್ತದೆ. ಅಕ್ಕಪಕ್ಕದವರಿಗೆ ಸದ್ದಿನ ತೊಂದರೆ ಆಗುವುದಿದ್ದರೆ ಸುತ್ತಿಗೆಯ ಬದಲು ಹಿಡಿಕೆ ಒತ್ತುವ ಮಾದರಿಯ ಡಿಂಪಲ್ ಯಂತ್ರ ತೆಗೆದುಕೊಳ್ಳಿ.

ಗಾಳಿ

ಲೋಹದ ವಿಮಾನದ ವರ್ಕ್‌ಶಾಪ್ ನಡೆಯುವುದು ಒತ್ತಡದ ಗಾಳಿಯ ಮೇಲೆ. ರಿವೆಟ್ ಹೊಡೆಯುವ ಗನ್, ಡ್ರಿಲ್, ರಿವೆಟ್ ಒತ್ತುವ ಸ್ಕ್ವೀಜರ್ ಎಲ್ಲಕ್ಕೂ ಅದೇ ಬೇಕು. ರಿವೆಟ್ ಗನ್ ಬಿಟ್ಟು ಬಿಟ್ಟು ಕೆಲಸ ಮಾಡುವುದರಿಂದ ಗಾಳಿ ಹೆಚ್ಚು ತಿನ್ನುವುದಿಲ್ಲ. ಡ್ರಿಲ್ ಅದಕ್ಕಿಂತ ಜಾಸ್ತಿ. ಡೈ ಗ್ರೈಂಡರ್ ಮತ್ತು ಪೇಂಟ್ ಗನ್ ಎಲ್ಲಕ್ಕಿಂತ ಜಾಸ್ತಿ. 90 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ ನಿಮಿಷಕ್ಕೆ 5 ಘನ ಅಡಿ ಗಾಳಿ ಕೊಡುವ, ನೂರು ಲೀಟರ್ ಸುಮಾರಿನ ಟ್ಯಾಂಕ್ ಇರುವ ಕಂಪ್ರೆಸರ್ ಒಬ್ಬರ ಕೆಲಸಕ್ಕೆ ಸಾಕು. ಕೊಳ್ಳುವಾಗ ಹಾರ್ಸ್‌ಪವರ್ ನೋಡಬೇಡಿ, ಈ ಘನ ಅಡಿ ಲೆಕ್ಕ ನೋಡಿ. ಎಣ್ಣೆ ಹಾಕುವ ಮಾದರಿಯದ್ದು ತೆಗೆದುಕೊಳ್ಳಿ. ಎಣ್ಣೆ ಇಲ್ಲದ ಅಗ್ಗದ ಕಂಪ್ರೆಸರ್‌ಗಳ ಅಬ್ಬರ ಎಷ್ಟಿರುತ್ತದೆ ಅಂದರೆ ರಾತ್ರಿ ಹೊತ್ತು ಶುರು ಮಾಡಲು ಸಂಕೋಚವಾಗುತ್ತದೆ, ಅಲ್ಲಿಗೆ ಸಂಜೆಯ ಕೆಲಸ ನಿಂತಿತು.

ಗಾಳಿ ಒತ್ತಿದಾಗ ಅದರಲ್ಲಿರುವ ತೇವ ನೀರಾಗಿ ಟ್ಯಾಂಕಿನ ತಳದಲ್ಲಿ ಸೇರುತ್ತದೆ. ಬಳಸಿದ ದಿನವೆಲ್ಲ ಕೆಳಗಿನ ವಾಲ್ವ್ ತೆರೆದು ನೀರು ಬಿಡಿ. ಬಿಡದಿದ್ದರೆ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಟೂಲ್ ಹಾಳಾಗುತ್ತದೆ, ತುಕ್ಕು ತಡೆಯುವ ಮೊದಲ ಕೋಟ್, ಅಂದರೆ ಪ್ರೈಮರ್ ಹೊಡೆಯುವಾಗ ನೀರಿನ ಹನಿ ಬೀಳುತ್ತದೆ. ಲೈನಿನಲ್ಲಿ ನೀರು ಹಿಡಿಯುವ ಫಿಲ್ಟರ್ ಒಂದು, ಒತ್ತಡ ಹೊಂದಿಸುವ ರೆಗ್ಯುಲೇಟರ್ ಒಂದು ಇರಲಿ. ಗೋಡೆಯ ಮೇಲೆ ಪೈಪ್ ಎಳೆಯುವುದಿದ್ದರೆ ತಾಮ್ರ ಅಥವಾ ಅಲ್ಯೂಮಿನಿಯಂ ಪೈಪ್ ಬಳಸಿ. ಪಿವಿಸಿ ಪೈಪ್ ಖಂಡಿತ ಬೇಡ. ಒತ್ತಡದ ಗಾಳಿ ತುಂಬಿದ ಪಿವಿಸಿ ಒಡೆದರೆ ಸೀಳಿ ಚೂರುಗಳು ಚಾಕುವಿನಂತೆ ಹಾರುತ್ತವೆ. ಕೈಗೆ ಬರುವ ಕೊನೆಯ ಕೆಲವು ಅಡಿ ಮಾತ್ರ ತೆಳ್ಳಗಿನ, ಮೆದುವಾದ ಹೋಸ್ ಇರಲಿ. ಗಟ್ಟಿ ಹೋಸ್ ಟೂಲನ್ನು ಪಕ್ಕಕ್ಕೆ ಎಳೆಯುತ್ತದೆ, ತೂತು ಓರೆಯಾಗುತ್ತದೆ.

ಯಾವ ಟೂಲ್‌ಗೆ ದುಡ್ಡು ಹಾಕಬೇಕು

ವಿಮಾನದ ಟೂಲ್ ಮಾರುವವರು ಸಿದ್ಧ ಸೆಟ್‌ಗಳನ್ನು ಕೊಡುತ್ತಾರೆ, ಹೊಸಬರಿಗೆ ಅದು ಒಳ್ಳೆಯ ದಾರಿ. ವಿಮಾನ ಮುಗಿಸಿದವರು ತಮ್ಮ ಸೆಟ್ ಮಾರುವುದೂ ಇದೆ. ರಿವೆಟ್ ಟೂಲ್ ಒಂದು ವಿಮಾನಕ್ಕೆ ಸವೆಯುವುದಿಲ್ಲ, ಹಳೆಯದನ್ನು ಧೈರ್ಯವಾಗಿ ಕೊಳ್ಳಬಹುದು. ಡ್ರಿಲ್ ಬಿಟ್ ಮಾತ್ರ ಹೊಸದೇ ಬೇಕು.

ಜಾಸ್ತಿ ಬಳಸುವ ರಿವೆಟ್ ಎರಡೇ ಅಳತೆಯವು, 3/32 ಇಂಚು ಮತ್ತು 1/8 ಇಂಚು. ಮೊದಲನೆಯದಕ್ಕೆ 40 ನಂಬರ್ ಬಿಟ್, ಎರಡನೆಯದಕ್ಕೆ 30 ನಂಬರ್ ಬಿಟ್. ಈ ಎರಡು ನಂಬರ್ ನಿಮಗೆ ಬಾಯಿಪಾಠ ಆಗಿಬಿಡುತ್ತದೆ. ಈ ಎರಡು ಬಿಟ್‌ಗಳನ್ನು ಡಜನ್‌ಗಟ್ಟಲೆ ತಂದಿಡಿ, ಮೊಂಡಾದ ತಕ್ಷಣ ಎಸೆಯಿರಿ. ಫ್ಯಾಕ್ಟರಿ ತೂತನ್ನು ಕೊನೆಯ ಅಳತೆಗೆ ತರಲು ಬಿಟ್‌ಗಿಂತ ತೂತಿನ ಒಳಗೋಡೆ ಹೆರೆಯುವ ರೀಮರ್ ಚೆನ್ನಾಗಿ ಕೆಲಸ ಮಾಡುತ್ತದೆ, ತೂತು ದುಂಡಗೆ ಬರುತ್ತದೆ.

ತಗಡುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಸ್ಪ್ರಿಂಗ್ ಪಿನ್‌ಗಳಿಗೆ ಕ್ಲಿಕೊ ಅನ್ನುತ್ತಾರೆ. ಬಣ್ಣ ನೋಡಿ ಅಳತೆ ಹೇಳಬಹುದು. ಬೆಳ್ಳಿ ಬಣ್ಣದ್ದು 3/32, ತಾಮ್ರದ ಬಣ್ಣದ್ದು 1/8. ಇವು ಎಷ್ಟಿದ್ದರೂ ಸಾಲದು. ಬೆಳ್ಳಿಯವು ಕೆಲವು ನೂರು, ತಾಮ್ರದವು ಅದರ ಅರ್ಧ ಇರಲಿ. ಒಂದು ರೆಕ್ಕೆಯ ತಗಡು ಹಾಸಿದ ಮೇಲೆ ಕ್ಲಿಕೊ ಖಾಲಿಯಾಗಿ ಕೆಲಸ ನಿಂತರೆ ತುಂಬಾ ಬೇಸರವಾಗುತ್ತದೆ.

ರಿವೆಟ್ ಗನ್ ವಿಷಯದಲ್ಲಿ ಎಚ್ಚರ. ಉಳಿ ಹಾಕಿ ಒಡೆಯುವ ಅಗ್ಗದ ಏರ್ ಹ್ಯಾಮರ್ ನೋಡಲು ಹಾಗೇ ಇರುತ್ತದೆ, ಆದರೆ ಅದು ಬೇಗ ಬೇಗ ಹೊಡೆಯುತ್ತದೆ, ಟ್ರಿಗರ್ ಮೇಲೆ ಹಿಡಿತ ಸಿಗುವುದಿಲ್ಲ. ಬೇಕಾದ್ದು ವಿಮಾನದ ಕೆಲಸಕ್ಕೆಂದೇ ಮಾಡಿದ ನಿಧಾನದ ಗನ್. 2ಎಕ್ಸ್ ಅಥವಾ 3ಎಕ್ಸ್ ಗನ್ (ಇದು ಗನ್‌ನ ಗಾತ್ರ ಹೇಳುವ ನಂಬರ್) ರಿವೆಟ್‌ನ ಈ ಎರಡು ಅಳತೆಗೂ ಸರಿ. 3/32 ರಿವೆಟ್‌ಗೆ 35-40 ಪಿಎಸ್‌ಐ ಹತ್ತಿರ ಶುರು ಮಾಡಿ, ಬೇಡದ ತಗಡಿನ ಮೇಲೆ ಹೊಡೆದು ನೋಡಿ, ಅಲ್ಲಿಂದ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಗನ್‌ನ ಎದುರು ಹಿಡಿಯುವ ಬಕಿಂಗ್ ಬಾರ್ ಟಂಗ್‌ಸ್ಟನ್‌ದ್ದು ಇದ್ದರೆ ಒಳ್ಳೆಯದು. ಉಕ್ಕಿಗಿಂತ ಸುಮಾರು ಎರಡೂವರೆ ಪಟ್ಟು ಸಾಂದ್ರ, ಹಾಗಾಗಿ ಚಿಕ್ಕ ತುಂಡಿನಲ್ಲೇ ಬೇಕಾದ ಭಾರ ಸಿಗುತ್ತದೆ, ಇಕ್ಕಟ್ಟಿನ ಜಾಗಕ್ಕೂ ಹೋಗುತ್ತದೆ. ಬೆಲೆ ಜಾಸ್ತಿ, ಆದರೂ ಒಂದು ಇರಲಿ ಅನ್ನುತ್ತೇನೆ.

ರಿವೆಟ್ ಸರಿಯಾಗಿ ಕೂತಿದೆಯಾ ಅಂತ ನೋಡುವ ನಿಯಮ ಸರಳ. ಹಿಂದೆ ಮೂಡಿದ ತಲೆಯ ಅಗಲ ರಿವೆಟ್‌ನ ವ್ಯಾಸದ ಒಂದೂವರೆ ಪಟ್ಟು, ಎತ್ತರ ವ್ಯಾಸದ ಅರ್ಧ. ಇದನ್ನು ಅಳೆಯುವ ಚಿಕ್ಕ ಗೇಜ್ ಸಿಗುತ್ತದೆ, ಜೇಬಿನಲ್ಲೇ ಇಟ್ಟುಕೊಳ್ಳಿ.

ಸ್ಕ್ವೀಜರ್ ರಿವೆಟನ್ನು ಹೊಡೆಯದೆ ಒತ್ತಿ ಕೂರಿಸುತ್ತದೆ, ತಗಡಿನ ಅಂಚಿನ ಹತ್ತಿರ ಎಲ್ಲ ಕಡೆ ಅದೇ ಸುಲಭ. ಕೈಯಿಂದ ಒತ್ತುವುದು ಅಗ್ಗ, ಗಾಳಿಯದ್ದು ದುಬಾರಿ. ಒಂದೇ ಒಂದು ದುಬಾರಿ ಟೂಲ್ ಕೊಳ್ಳುತ್ತೇನೆ ಅಂದರೆ ಗಾಳಿಯ ಸ್ಕ್ವೀಜರ್ ಕೊಳ್ಳಿ. ಪ್ರತಿ ರಿವೆಟ್ ಒಂದೇ ಥರ ಬರುತ್ತದೆ, ಮಣಿಕಟ್ಟು ಉಳಿಯುತ್ತದೆ, ಜೊತೆಗಾರ ಇಲ್ಲದ ದಿನವೂ ಕೆಲಸ ಸಾಗುತ್ತದೆ.

ದೊಡ್ಡ ಯಂತ್ರಗಳಲ್ಲಿ ಬೆಂಚ್ ಗ್ರೈಂಡರ್, ಚಿಕ್ಕ ಬ್ಯಾಂಡ್ ಸಾ, ಡ್ರಿಲ್ ಪ್ರೆಸ್ ಇದ್ದರೆ ಸಾಕು. ಲೇತ್, ಮಿಲ್ಲಿಂಗ್ ಯಂತ್ರ ಕಿಟ್ ವಿಮಾನಕ್ಕೆ ಬೇಡ. ಗ್ರೈಂಡರ್‌ಗೆ ಸಾಮಾನ್ಯ ಕಲ್ಲಿನ ಬದಲು ನಾರಿನಂಥ ಸ್ಕಾಚ್-ಬ್ರೈಟ್ ಚಕ್ರ ಹಾಕಿ. ಸಾಮಾನ್ಯ ಕಲ್ಲಿಗೆ ಅಲ್ಯೂಮಿನಿಯಂ ಹಿಡಿದರೆ ಅದು ಕಲ್ಲಿನ ಸಂದುಗಳಲ್ಲಿ ತುಂಬಿಕೊಳ್ಳುತ್ತದೆ, ಕಲ್ಲು ಬಿಸಿಯಾಗಿ ಒಡೆಯಬಹುದು. ಉಕ್ಕಿನ ಕಿಡಿ ಮತ್ತು ಅಲ್ಯೂಮಿನಿಯಂ ಪುಡಿ ಒಂದೇ ಕಡೆ ಸೇರಿದರೆ ಬೆಂಕಿಯ ಅಪಾಯವೂ ಇದೆ. ಎರಡು ಲೋಹಕ್ಕೂ ಬೇರೆ ಬೇರೆ ಚಕ್ರ ಇರಲಿ, ಪುಡಿ ಆಗಾಗ ಗುಡಿಸಿ. ಸ್ಕಾಚ್-ಬ್ರೈಟ್ ಚಕ್ರ ಪ್ರತಿ ದಿನ ಬಳಕೆಯಾಗುತ್ತದೆ, ಯಾಕೆಂದರೆ ಪ್ರತಿ ಭಾಗದ ಪ್ರತಿ ಅಂಚನ್ನೂ ನಯ ಮಾಡಬೇಕು. ಅಂಚಿನ ಒರಟಿನಿಂದಲೇ ಬಿರುಕು ಶುರುವಾಗುವುದು.

ಟಾರ್ಕ್ ರೆಂಚ್ ಚಿಕ್ಕದು ಬೇಕು, ಇಂಚ್-ಪೌಂಡ್ ಲೆಕ್ಕದ್ದು. ವಿಮಾನದಲ್ಲಿ ಎಲ್ಲೆಲ್ಲೂ ಕಾಣುವ ಎಎನ್3 ಬೋಲ್ಟ್‌ಗೆ (ಎಎನ್ ಅನ್ನುವುದು ವಿಮಾನದ ಬೋಲ್ಟ್, ರಿವೆಟ್‌ಗಳ ನಂಬರ್ ಪದ್ಧತಿ) ಸಾಮಾನ್ಯವಾಗಿ 20ರಿಂದ 25 ಇಂಚ್-ಪೌಂಡ್, ಎಎನ್4ಗೆ 50ರಿಂದ 70. ಕಾರಿನ ಚಕ್ರ ಬಿಗಿಯುವ ರೆಂಚ್ ಇಷ್ಟು ಕಡಿಮೆ ಬಿಗಿತವನ್ನು ತೋರಿಸುವುದೇ ಇಲ್ಲ.

ಅಲ್ಯೂಮಿನಿಯಂ ಇರುವ ಕಡೆ ಪೆನ್ಸಿಲ್ ಬೇಡ

ಕಿಟ್‌ನ ತಗಡು ಸಾಮಾನ್ಯವಾಗಿ 2024-ಟಿ3 ಆಲ್‌ಕ್ಲ್ಯಾಡ್. ಗಟ್ಟಿಯಾದ ಮಿಶ್ರಲೋಹ, ಎರಡೂ ಕಡೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ. ತುಕ್ಕು ತಡೆಯುವುದು ಆ ಪದರ. ಅದನ್ನು ಗೀರಬಾರದು. ಹಾಗಾಗಿ ಟೇಬಲ್ ಮೇಲೆ ಕಾರ್ಪೆಟ್, ಮತ್ತು ಕೆಲಸ ಮುಗಿದಾಗಲೆಲ್ಲ ಆ ಕಾರ್ಪೆಟ್ ಮೇಲಿನ ಲೋಹದ ಚೂರುಗಳನ್ನು ವ್ಯಾಕ್ಯೂಮ್ ಮಾಡುವುದು. ಗುರುತು ಹಾಕಲು ತೆಳು ತುದಿಯ ಮಾರ್ಕರ್ ಪೆನ್. ಪೆನ್ಸಿಲ್‌ನ ಗ್ರಾಫೈಟ್ ಅಲ್ಯೂಮಿನಿಯಂ ಜೊತೆ ಸೇರಿ ತೇವದಲ್ಲಿ ತುಕ್ಕು ತರುತ್ತದೆ. ಮೊಳೆಯಿಂದ ಗೀಚುವುದಂತೂ ಬಿರುಕಿಗೆ ದಾರಿ ತೋರಿಸಿದಂತೆ. ಉಕ್ಕಿನ ಬ್ರಷ್, ಸ್ಟೀಲ್ ವೂಲ್ ವರ್ಕ್‌ಶಾಪಿನಲ್ಲೇ ಇಡಬೇಡಿ, ಅವುಗಳ ಕಣ ತಗಡಿನಲ್ಲಿ ಕೂತು ಅಲ್ಲೇ ತುಕ್ಕು ಶುರುವಾಗುತ್ತದೆ. ತಗಡಿನ ಮೇಲಿರುವ ಪ್ಲಾಸ್ಟಿಕ್ ಹಾಳೆಯನ್ನೂ ವರ್ಷಗಟ್ಟಲೆ ಬಿಡಬೇಡಿ. ಒಳಗೆ ತೇವ ಸೇರುತ್ತದೆ, ಹಾಳೆಯೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ದೊಡ್ಡ ತಗಡುಗಳನ್ನು ಒಂದರ ಮೇಲೊಂದು ಮಲಗಿಸದೆ ಗೋಡೆಗೆ ನಿಲ್ಲಿಸುವ ಒಂದು ರ‍್ಯಾಕ್ ಮಾಡಿ. ಇಲಿ ಬರುವ ಜಾಗವಾದರೆ ಮೊದಲು ಸಂದುಗಳನ್ನು ಮುಚ್ಚಿ, ಇಲಿಯ ಮೂತ್ರ ಅಲ್ಯೂಮಿನಿಯಂ ತಿನ್ನುತ್ತದೆ.

ಫೈಬರ್‌ಗ್ಲಾಸ್ ಕಿಟ್ ಆರಿಸಿದವರಿಗೆ ಗಾಳಿಯ ಟೂಲ್‌ಗಿಂತ ಕೋಣೆಯ ಹವೆ ಮುಖ್ಯ. ಬಟ್ಟೆಯಂಥ ಗಾಜಿನ ನಾರನ್ನು ಗಟ್ಟಿಮಾಡುವ ಅಂಟು ಎಪಾಕ್ಸಿ. ಅದು ಸರಿಯಾಗಿ ಗಟ್ಟಿಯಾಗಲು ಸಾಮಾನ್ಯವಾಗಿ 20ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು, ತೇವ ಕಡಿಮೆ ಇರಬೇಕು. ಥರ್ಮಾಮೀಟರ್, ಹೈಗ್ರೋಮೀಟರ್ ಗೋಡೆಗೆ ಹಾಕಿ. ಎಪಾಕ್ಸಿಯ ಎರಡು ದ್ರವಗಳನ್ನು ಕಣ್ಣಂದಾಜಿನಲ್ಲಿ ಬೆರೆಸುವಂತಿಲ್ಲ, ಗ್ರಾಂ ತೋರಿಸುವ ತಕ್ಕಡಿ ಬೇಕು. ಒಂದೇ ಲೋಟದಲ್ಲಿ ಜಾಸ್ತಿ ಬೆರೆಸಿಟ್ಟರೆ ಅದು ತಾನಾಗೇ ಬಿಸಿಯಾಗಿ ಹೊಗೆಯಾಡುತ್ತದೆ, ಚಿಕ್ಕ ಚಿಕ್ಕದಾಗಿ ಬೆರೆಸಿ. ಕೈಗೆ ಯಾವಾಗಲೂ ನೈಟ್ರೈಲ್ ಗ್ಲೌಸ್. ಎಪಾಕ್ಸಿಗೆ ಮೈ ಒಮ್ಮೆ ಅಲರ್ಜಿ ಬೆಳೆಸಿಕೊಂಡರೆ ಅದು ಹೋಗುವುದು ಕಷ್ಟ, ಅಂಥವರು ವಿಮಾನವನ್ನೇ ಬಿಟ್ಟುಕೊಡಬೇಕಾದೀತು. ಉಜ್ಜುವ ಧೂಳಿಗೆ ಬೇರೆ ಮೂಲೆ, ಪರದೆ, ಒಳ್ಳೆಯ ಮಾಸ್ಕ್ ಇರಲಿ. ಮರದ ಕಿಟ್‌ಗೂ ಅಂಟಿನ ವಿಷಯದಲ್ಲಿ ಇದೇ ಮಾತು, ಜೊತೆಗೆ ತೇವ ಏರಿಳಿದರೆ ಮರವೇ ಹಿಗ್ಗಿ ಕುಗ್ಗುತ್ತದೆ ಅನ್ನುವುದು ನೆನಪಿರಲಿ.

ಕಿವಿ, ಕಣ್ಣು, ಉಸಿರು, ಬೆಂಕಿ

ರಿವೆಟ್ ಗನ್‌ನ ಸದ್ದು 100 ಡೆಸಿಬಲ್ ದಾಟುತ್ತದೆ. ತಗಡಿನ ಡಬ್ಬದೊಳಗೆ ಕೂತು ಬಾರ್ ಹಿಡಿದವರಿಗೆ ಅದು ಇನ್ನೂ ಜೋರು. ಬಾಗಿಲ ಪಕ್ಕದಲ್ಲೇ ಮೊಳೆ ಹೊಡೆದು ಎರಡು ಜೊತೆ ಇಯರ್‌ಮಫ್, ಎರಡು ಕನ್ನಡಕ ತೂಗುಹಾಕಿ. ಒಂದು ನಿಮಗೆ, ಇನ್ನೊಂದು ಸುಮ್ನೆ ನೋಡಲು ಬಂದವರಿಗೆ.

ಪ್ರೈಮರ್ ಹೊಡೆಯುವುದಿದ್ದರೆ ಡಬ್ಬದ ಮೇಲಿನ ಬರಹವನ್ನು ಪೂರ್ತಿ ಓದಿ. ಐಸೊಸಯನೇಟ್ ಅನ್ನುವ ವಿಷದ ರಾಸಾಯನಿಕ ಇರುವ ಪೇಂಟ್‌ಗೆ ಸಾಮಾನ್ಯ ಮಾಸ್ಕ್ ನಂಬಬೇಡಿ, ಹೊರಗಿನ ಶುದ್ಧ ಗಾಳಿ ಕೊಡುವ ಮುಖವಾಡ ಬೇಕು. ಆ ವ್ಯವಸ್ಥೆ ಇಲ್ಲದಿದ್ದರೆ ಅದಿಲ್ಲದ ಪ್ರೈಮರ್ ಆರಿಸಿ. ಕ್ರೋಮೇಟ್ ಇರುವ ಪ್ರೈಮರ್ ಕ್ಯಾನ್ಸರ್ ತರುವಂಥದ್ದು, ಅದನ್ನು ಒಣಗಿಸಿ ಉಜ್ಜಲೂಬೇಡಿ. ಅಸಿಟೋನ್, ಎಂಇಕೆ ತರಹದ ದ್ರಾವಕಗಳ ಆವಿ ನೆಲದ ಮಟ್ಟದಲ್ಲಿ ಹರಿಯುತ್ತದೆ. ಅದೇ ಕೋಣೆಯಲ್ಲಿ ಉರಿಯುವ ವಾಟರ್ ಹೀಟರ್ ಇದ್ದರೆ ಅಲ್ಲಿ ದ್ರಾವಕ ತೆರೆಯಲೇಬೇಡಿ. ದ್ರಾವಕದಲ್ಲಿ ಒದ್ದೆಯಾದ ಬಟ್ಟೆಗೆ ಮುಚ್ಚಳ ಇರುವ ಲೋಹದ ಡಬ್ಬ. ಬೆಂಕಿ ನಂದಿಸುವ ಸಿಲಿಂಡರ್ ಬಾಗಿಲ ಬಳಿ, ಒಳಗಿನ ಮೂಲೆಯಲ್ಲಲ್ಲ.

ಡಬ್ಬಿಗಳು ಮತ್ತು ಕಾಗದ

ಕಿಟ್‌ನಲ್ಲಿ ಸಾವಿರಾರು ರಿವೆಟ್, ನೂರಾರು ಬೋಲ್ಟ್, ನಟ್, ವಾಷರ್ ಚಿಕ್ಕ ಚೀಲಗಳಲ್ಲಿ ಬರುತ್ತವೆ. ನೋಡಲು ಎಲ್ಲ ಒಂದೇ ಥರ. ಅದಕ್ಕೇ ನಂಬರ್ ಓದುವುದು ಕಲಿತುಕೊಳ್ಳಿ. ಎಎನ್426ಎಡಿ3-3.5 ಅಂದರೆ ಚಪ್ಪಟೆ ಕೂರುವ ತಲೆಯ ರಿವೆಟ್, ವ್ಯಾಸ 3/32, ಉದ್ದ ಇಂಚಿನ ಹದಿನಾರನೇ ಭಾಗದ ಲೆಕ್ಕದಲ್ಲಿ ಮೂರೂವರೆ. 470 ಅಂತ ಇದ್ದರೆ ಉಬ್ಬು ತಲೆ. ಚಿಕ್ಕ ಡ್ರಾಯರ್ ಇರುವ ಕಪಾಟು ತಂದು, ಇದೇ ನಂಬರಿನ ಕ್ರಮದಲ್ಲಿ ಜೋಡಿಸಿ, ದೊಡ್ಡ ಅಕ್ಷರದ ಲೇಬಲ್ ಹಚ್ಚಿ. ಇದಕ್ಕೆ ಎರಡು ಮೂರು ಸಂಜೆ ಹೋಗುತ್ತದೆ. ಆದರೆ ಮುಂದೆ ಪ್ರತಿ ದಿನ ಉಳಿತಾಯವಾಗುವುದು ಇಲ್ಲೇ. ಟೂಲ್‌ಗಳಿಗೂ ಹಾಗೇ, ಗೋಡೆಯ ಹಲಗೆಯ ಮೇಲೆ ಪ್ರತಿಯೊಂದಕ್ಕೂ ಒಂದು ಜಾಗ ಗೊತ್ತು ಮಾಡಿ. ವಿಮಾನ ಮುಚ್ಚುವ ಮುಂಚೆ ಹಲಗೆ ನೋಡಿದರೆ ಒಳಗೆ ಏನಾದರೂ ಬಿಟ್ಟಿದ್ದೀರಾ ಅಂತ ಗೊತ್ತಾಗುತ್ತದೆ, ಬಿಟ್ಟ ಒಂದು ಸ್ಪ್ಯಾನರ್ ಕಂಟ್ರೋಲ್ ಕಡ್ಡಿಗೆ ಅಡ್ಡ ಬಂದರೆ ಪ್ರಾಣಕ್ಕೇ ಬಂತು.

ನಿಯಮಗಳನ್ನು ಕಿಟ್ ಕೊಳ್ಳುವ ಮೊದಲೇ ನಿಮ್ಮ ದೇಶದ ವಿಮಾನಯಾನ ಇಲಾಖೆಯಿಂದ ತಿಳಿದುಕೊಳ್ಳಿ. ಅಮೆರಿಕದಲ್ಲಿ ಅಂಥ ಇಲಾಖೆಯಾದ ಎಫ್‌ಎಎ ಕೇಳುವುದು ವಿಮಾನದ ಬಹುಪಾಲು ಕೆಲಸ ಹವ್ಯಾಸಿಗಳೇ ಮಾಡಿದ್ದಾರೆ ಅನ್ನುವ ದಾಖಲೆ, ಜನ ಅದಕ್ಕೆ 51 ಪರ್ಸೆಂಟ್ ನಿಯಮ ಅನ್ನುತ್ತಾರೆ. ಬ್ರಿಟನ್‌ನಲ್ಲಿ ಲೈಟ್ ಏರ್‌ಕ್ರಾಫ್ಟ್ ಅಸೋಸಿಯೇಷನ್‌ನ ಇನ್‌ಸ್ಪೆಕ್ಟರ್ ಹಂತ ಹಂತವಾಗಿ ಬಂದು ನೋಡಿ ಸಹಿ ಹಾಕುತ್ತಾರೆ. ಅವರು ನೋಡುವ ಮುಂಚೆ ರೆಕ್ಕೆ ಮುಚ್ಚಿದರೆ ಬಿಚ್ಚಬೇಕಾಗುತ್ತದೆ. ಹೇಗಿದ್ದರೂ ದಿನಚರಿ ಬೇಕು. ಟೇಬಲ್ ಪಕ್ಕದಲ್ಲಿ ಒಂದು ನೋಟ್‌ಬುಕ್, ಫೋನ್ ನಿಲ್ಲಿಸಲು ಒಂದು ಸ್ಟ್ಯಾಂಡ್. ತಾರೀಖು, ಏನು ಮಾಡಿದೆ, ಎಷ್ಟು ಹೊತ್ತು, ನೀವೂ ಕಾಣುವಂತೆ ಒಂದೆರಡು ಫೋಟೋ, ಮತ್ತು ನಾಳೆ ಮೊದಲು ಮಾಡಬೇಕಾದ್ದು ಒಂದು ಸಾಲು. ಆ ಕೊನೆಯ ಸಾಲು ಬರೆಯದೆ ಲೈಟ್ ಆರಿಸಬೇಡಿ.

ಕ್ರೇಟ್ ಬಂದ ದಿನ

ಎಲ್ಲ ಟೂಲ್ ಬಂದ ಮೇಲೆಯೇ ಕಿಟ್ ತರಿಸುತ್ತೇನೆ ಅಂತ ಕೂರಬೇಡಿ. ಟೇಬಲ್, ಬೆಳಕು, ಗಾಳಿ, ರಿವೆಟ್ ಸೆಟ್ ಇದ್ದರೆ ಶುರು ಮಾಡಬಹುದು. ಪೂರ್ತಿ ವಿಮಾನದ ಕಿಟ್ ಒಟ್ಟಿಗೆ ಬೇಡ, ಮೊದಲು ಬಾಲದ ಕಿಟ್ ಮಾತ್ರ ತರಿಸಿ. ಜಾಗ ಕಡಿಮೆ ಸಾಕು, ತುಂಡುಗಳು ಟೇಬಲ್ ಮೇಲೆ ಹಿಡಿಸುತ್ತವೆ, ಮತ್ತು ರೆಕ್ಕೆಗೆ ಬೇಕಾದ ಎಲ್ಲ ಕೈಚಳಕವೂ ಬಾಲದಲ್ಲೇ ಬರುತ್ತದೆ. ಕೈ ಇದಕ್ಕೆ ಒಗ್ಗುತ್ತದೋ ಇಲ್ವೋ ಅನ್ನುವುದು ಕಡಿಮೆ ಖರ್ಚಿನಲ್ಲಿ ತಿಳಿಯುತ್ತದೆ. ಅದಕ್ಕೂ ಮುಂಚೆ ಒಂದು ಅಭ್ಯಾಸದ ಕಿಟ್ ತರಿಸಿ, ಚಿಕ್ಕ ಟೂಲ್ ಡಬ್ಬಿಯೋ ರೆಕ್ಕೆಯ ಒಂದು ತುಣುಕೋ ಮಾಡಿಸುವಂಥದ್ದು ಸಿಗುತ್ತದೆ. ಬೇಕಂತಲೇ ಕೆಲವು ರಿವೆಟ್ ಕೆಡಿಸಿ, ಅವನ್ನು ಡ್ರಿಲ್ ಮಾಡಿ ತೂತು ದೊಡ್ಡದಾಗದಂತೆ ಹೊರತೆಗೆಯುವುದನ್ನು ಅಭ್ಯಾಸ ಮಾಡಿ. ಈ ವಿದ್ಯೆ ಕಡೆಯವರೆಗೂ ಬೇಕು. ನಿಮ್ಮ ದೇಶದಲ್ಲಿ ಇಎಎ ಚಾಪ್ಟರ್ ಇದ್ದರೆ ಅದರ ಟೆಕ್ನಿಕಲ್ ಕೌನ್ಸೆಲರ್‌ಗಳನ್ನು ಕರೆಯಿರಿ. ಸ್ವಯಂಸೇವಕರು, ಬಂದು ಕೆಲಸ ನೋಡಿ ಹೇಳುತ್ತಾರೆ.

ಕ್ರೇಟ್, ಅಂದರೆ ಕಿಟ್ ತುಂಬಿದ ಮರದ ಪೆಟ್ಟಿಗೆ ಬಂದ ತಕ್ಷಣ, ತೆರೆಯುವ ಮುಂಚೆ, ನಾಲ್ಕೂ ಕಡೆಯ ಫೋಟೋ ತೆಗೆಯಿರಿ. ಮರ ಒಡೆದಿದ್ದರೆ ತಂದವರ ಎದುರೇ ರಸೀದಿಯ ಮೇಲೆ ಬರೆಯಿರಿ. ಆಮೇಲೆ ಪಟ್ಟಿ ಹಿಡಿದು ಪ್ರತಿ ತುಂಡನ್ನೂ ಎಣಿಸಿ, ಟಿಕ್ ಹಾಕಿ, ಮಾರ್ಕರ್‌ನಿಂದ ನಂಬರ್ ಬರೆದು ಶೆಲ್ಫಿಗೆ ಸೇರಿಸಿ. ಕೊರತೆ ತಿಳಿಸಲು ಕಂಪನಿಗಳು ಗಡುವು ಇಡುತ್ತವೆ, ಅದು ಮುಗಿಯುವ ಮುಂಚೆ ಎಣಿಕೆ ಮುಗಿಯಬೇಕು. ಪ್ಯಾಕಿಂಗ್ ಕಾಗದದ ಪ್ರತಿ ಮಡಿಕೆ ಬಿಡಿಸಿ ನೋಡಿ, ಬೆರಳಿನಷ್ಟು ತುಂಡುಗಳು ಅದರಲ್ಲೇ ಅಡಗಿರುತ್ತವೆ. ಕ್ರೇಟ್‌ನ ಹಲಗೆ, ಪಟ್ಟಿಗಳನ್ನು ಎಸೆಯಬೇಡಿ. ಮುಂದೆ ರೆಕ್ಕೆಗಳನ್ನು ಮುಂಚೂಣಿ ಅಂಚು ಕೆಳಗಾಗಿ ನಿಲ್ಲಿಸಲು ಚಕ್ರದ ತೊಟ್ಟಿಲು ಮಾಡಬೇಕು, ಆ ಮರ ಅದಕ್ಕೆ ಸರಿಹೋಗುತ್ತದೆ.